ಮರಿ ತರುವ ಮೊದಲು ಮೂಗು ನೋಡಿ

ಎಲ್ಲರಿಗೂ ನಮಸ್ಕಾರ.

ಶಾಲೆಗೆ ಬೇಸಿಗೆ ರಜೆ ಬಿಟ್ಟರೆ ಸಾಕು, ನಮ್ಮ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಹಟ ಶುರುವಾಗುತ್ತದೆ. ನಾಯಿಮರಿ ಬೇಕು. ದೊಡ್ಡ ನಾಯಿಗೆ ಜಾಗ ಎಲ್ಲಿದೆ ಅಂತಾರೆ ಅಪ್ಪ, ಅಮ್ಮ. ಹಾಗಾದ್ರೆ ಸಣ್ಣದು ತನ್ನಿ ಅಂತಾವೆ ಮಕ್ಕಳು. ಅಲ್ಲಿಗೆ ಮಾತು ಮುಗಿಯಿತು, ಮರಿ ಮನೆಗೆ ಬಂತು. ಅದು ಯಾವ ಸೀಮೆಯ ನಾಯಿ, ನಮ್ಮ ಬಿಸಿಲು ಅದಕ್ಕೆ ಒಗ್ಗುತ್ತದಾ ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ಅದಕ್ಕೇ ಇವತ್ತು ಈ ಮಾತು.

ನಮ್ಮ ಮನೆಗೆ ಮೊದಲು ಬಂದದ್ದು ಪಗ್. ಚಪ್ಪಟೆ ಮುಖ, ಸುಕ್ಕು ಹಣೆ, ಸುರುಳಿ ಬಾಲ. 2003ರ ಸುಮಾರಿಗೆ ಟಿವಿಯಲ್ಲಿ ಒಂದು ಮೊಬೈಲ್ ಜಾಹೀರಾತು ಬರುತ್ತಿತ್ತು. ಹುಡುಗ ಹೋದಲ್ಲೆಲ್ಲ ಹಿಂದೆಯೇ ಹೋಗುವ ಪುಟ್ಟ ನಾಯಿ. ನೆನಪಿದೆ ಅಲ್ವಾ? ಆ ನಾಯಿಯನ್ನು ನೋಡಿ ಎಷ್ಟೋ ಮನೆಗಳು ಪಗ್ ತಂದವು. ನಾವೂ ತಂದೆವು. ಮಕ್ಕಳು ಗುಂಡ ಅಂತ ಹೆಸರಿಟ್ಟರು.

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕರೆಂಟ್ ಹೋಗಿ ಕೂಲರ್ ನಿಂತಿತ್ತು. ಗುಂಡ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಹೊಟ್ಟೆ ಒತ್ತಿ, ಹಿಂಗಾಲು ಹಿಂದಕ್ಕೆ ಚಾಚಿ ಮಲಗಿದ್ದ. ನಮ್ಮ ಸಣ್ಣ ಮಗ ಸುಮ್ನೆ ಚೆಂಡು ಎಸೆದ. ಗುಂಡ ಎದ್ದು ಓಡಿದ. ಎರಡೇ ಸುತ್ತು. ಮೂರನೇ ಸಲ ಹಿಂಗಾಲು ಕುಸಿಯಿತು. ಗೊರಕೆಯಂಥ ಸದ್ದು, ದಾರದಂತೆ ಇಳಿಯುವ ಜೊಲ್ಲು. ನಾಲಗೆ ನೋಡಿದರೆ ನೇರಳೆ ಹಣ್ಣು ತಿಂದವರ ಬಾಯಿ ಹಾಗೆ ಆಗಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ. ‘ಅಕ್ಕಾರೆ, ಮೊದಲು ಮೈ ಮ್ಯಾಲ ನಲ್ಲಿ ನೀರು ಸುರೀರಿ. ಗಾಳಿ ಹಾಕ್ರಿ. ಆಮ್ಯಾಗ ಇಲ್ಲಿಗಿ ತಗೊಂಡು ಬರ್ರಿ.’ ನಾನು ಒದ್ದೆ ಟವೆಲ್ ಸುತ್ತಲು ಹೊರಟಿದ್ದೆ. ಸುತ್ತಬೇಡಿ, ಸೆಕೆ ಒಳಗೇ ಉಳಿಯುತ್ತದೆ ಅಂದರು. ನಾನು ನೀರು ಸುರಿದೆ. ನಮ್ಮ ಅತ್ತೆ ಜೋಳ ಕೇರುವ ಮೊರ ತಂದು ಬೀಸತೊಡಗಿದರು. ಕೈ ಸೋತರೂ ಅವರು ಬಿಡಲಿಲ್ಲ. ಹತ್ತು ನಿಮಿಷದ ಮೇಲೆ ಗುಂಡ ತಲೆ ಎತ್ತಿದ. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಗುಂಡನ ಮುಖವನ್ನು ಬೆಳಕಿಗೆ ತಿರುಗಿಸಿ ಹಿಡಿದರು. ‘ಮೂಗಿನ ತೂತು ನೋಡ್ರಿ. ಕಡ್ಡಿಲೆ ಗೀರಿದಂಗ ಅದ.’ ಹೌದು, ಎರಡು ಗೀರು ಅಷ್ಟೇ. ವರ್ಷವಿಡೀ ಆ ಮುಖಕ್ಕೆ ಮುದ್ದು ಕೊಟ್ಟಿದ್ದೆ. ಅದರಲ್ಲಿ ಉಸಿರಿಗೆ ದಾರಿಯೇ ಇಲ್ಲ ಅನ್ನೋದು ಅವತ್ತು ಕಂಡಿತು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರು ಬರುತ್ತದೆ, ಅದು ಯಾತಕ್ಕೂ ಸಾಲದು. ನಾಲಗೆ ಚಾಚಿ ತೇಕುತ್ತದಲ್ಲ, ಅದೇ ಅದರ ಕೂಲರ್. ಮೂಗಿನ, ಬಾಯಿಯ ಒಳಗಿನ ತೇವದ ಮೇಲೆ ಗಾಳಿ ಹಾಯ್ದು ಹೋಗುತ್ತದೆ, ತೇವ ಆರುತ್ತದೆ, ರಕ್ತ ತಂಪಾಗುತ್ತದೆ. ಕೂಲರಿನ ಹುಲ್ಲಿನ ಪರದೆಯೂ ಇದೇ ಕೆಲಸ ಮಾಡುತ್ತದೆ. ಮೂಗು ಉದ್ದ ಇದ್ದಷ್ಟು ಆ ಪರದೆ ದೊಡ್ಡದು. ಪಗ್‌ನ ಮೂಗು ಮೋಟು, ತೂತು ಕಿರಿದು. ಗಂಟಲ ಹತ್ತಿರದ ಮೆತ್ತನೆಯ ಅಂಗುಳ ಉದ್ದವಾಗಿ ಜೋತು ಬಿದ್ದು ದಾರಿಗೆ ಅಡ್ಡ ಬರುತ್ತದೆ. ಜೋರಾಗಿ ತೇಕಿದರೆ ಆ ಶ್ರಮಕ್ಕೇ ಮೈ ಇನ್ನೂ ಬಿಸಿಯಾಗುತ್ತದೆ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ. ನಮ್ಮ ಊರಿನ ಮೇ ತಿಂಗಳ ಮಧ್ಯಾಹ್ನವೋ 42, 43. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಸೀಮೆ ಇದು.

ಗುಂಡ ಹನ್ನೊಂದು ವರ್ಷ ನಮ್ಮ ಜೊತೆ ಇದ್ದ. ನಮ್ಮ ಪ್ರೀತಿಯಲ್ಲಿ ಏನೂ ಕಡಿಮೆ ಇರಲಿಲ್ಲ. ಆದರೆ ಪ್ರತಿ ವರ್ಷ ಮಾರ್ಚ್‌ನಿಂದ ಜೂನ್ ತನಕ ಅವನಿಗೆ ಒಂದೇ ಕೋಣೆ. ಕಿಟಕಿಯಿಂದ ಮಕ್ಕಳ ಆಟ ನೋಡುತ್ತಾ ಕೂತಿರುತ್ತಿದ್ದ. ಓಡಲೆಂದೇ ಹುಟ್ಟಿದ ಪ್ರಾಣಿ ಹಾಗೆ ಕೂತದ್ದು ನನಗೆ ಇವತ್ತಿಗೂ ನೋವು.

ಅದಕ್ಕೇ ಕೈಮುಗಿದು ಹೇಳುತ್ತೇನೆ, ಮರಿ ನೋಡಲು ಹೋದಾಗ ಮೊದಲು ಮೂಗು ನೋಡಿ. ಶಿಟ್ಜು ಅಂತ ಬರುತ್ತದೆ, ಟಿಬೆಟ್, ಚೀನಾ ಕಡೆಯ ನಾಯಿ. ಬೊಂಬೆಯ ಹಾಗೆ ಚೆಂದ. ಅದರದೂ ಮೋಟು ಮೂಗೇ, ಮೇಲೆ ನೆಲ ಗುಡಿಸುವಷ್ಟು ಉದ್ದ ಕೂದಲು. ದಿನಾ ಬಾಚಬೇಕು, ಇಲ್ಲವಾದರೆ ಗಂಟು ಕಟ್ಟಿ ಅಡಿಯ ಚರ್ಮ ಹುಣ್ಣಾಗುತ್ತದೆ. ಮೆಕ್ಸಿಕೋದ ಚಿವಾವಾ ಮೂರು ಕೆಜಿಯೂ ತೂಗುವುದಿಲ್ಲ. ಐದು ವರ್ಷದ ಮಗು ಎತ್ತಿಕೊಂಡು ಕೈ ಜಾರಿತು ಅಂದರೆ ಕಾಲು ಮುರಿಯುತ್ತದೆ. ಚಿಕ್ಕ ಮಕ್ಕಳ ಮನೆಗೆ ಅದು ಬೇಡ.

ಡ್ಯಾಶ್‌ಹಂಡ್ ನಮ್ಮ ಬಿಸಿಲಿಗೆ ಅಷ್ಟು ತೊಂದರೆ ಇಲ್ಲ. ಮೂಗು ಉದ್ದ. ಜಾಸ್ತಿ ಜನ ಸಾಕುವ ನಯ ಮೈಯ ಜಾತಿಯಲ್ಲಿ ಕೂದಲೂ ಗಿಡ್ಡ. ಬಿಲದೊಳಗಿನ ಪ್ರಾಣಿಗಳನ್ನು ಹಿಡಿಯಲು ಜರ್ಮನಿಯಲ್ಲಿ ಬೆಳೆಸಿದ ನಾಯಿ ಅದು, ಹಿತ್ತಲಲ್ಲಿ ಹೆಗ್ಗಣ ಇದ್ದರೆ ಅದಕ್ಕೆ ಹಬ್ಬ. ಕಷ್ಟ ಇರುವುದು ಬೆನ್ನಿನಲ್ಲಿ. ಮೈ ಉದ್ದ, ಕಾಲು ಮೋಟು. ಮಂಚದಿಂದ ಹಾರಿ ಹಾರಿ, ಮಾಳಿಗೆ ಮೆಟ್ಟಿಲು ಹತ್ತಿ ಇಳಿದು ಬೆನ್ನೆಲುಬಿನ ನಡುವಿನ ಗಾದಿ ಜಾರಿದರೆ ಹಿಂಗಾಲಿನ ಸ್ವಾಧೀನವೇ ತಪ್ಪಬಹುದು. ನಿಮ್ಮದು ಕಡಿದಾದ ಮೆಟ್ಟಿಲಿನ ಹಳೆ ಮನೆಯಾದರೆ ಇದನ್ನು ತರುವ ಮುಂಚೆ ಎರಡು ಸಲ ಯೋಚಿಸಿ.

ಇನ್ನು ಪಾಮೇರಿಯನ್. ಪೋಲೆಂಡ್, ಜರ್ಮನಿಯ ಬಾಲ್ಟಿಕ್ ಕಡಲತೀರದ ಪಾಮೇರೇನಿಯಾದಿಂದ ಬಂದ ಹೆಸರು ಅದು. ಆದರೆ ನಮ್ಮ ಓಣಿಗಳಲ್ಲಿ ನಾವು ಪಾಮ್ ಅಂತ ಕರೆಯುವ ಬಿಳಿ ನಾಯಿ ಬಹಳ ಸಲ ಪಾಮೇರಿಯನ್ ಅಲ್ಲ. ಅದು ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೇರಿಯನ್ ಎರಡು ಮೂರು ಕೆಜಿಯ ಉಂಡೆ. ಸ್ಪಿಟ್ಜ್ ಅದಕ್ಕಿಂತ ದೊಡ್ಡದು, ಮೂತಿ ಉದ್ದ, ಮೈ ಗಟ್ಟಿ. ಬ್ರಿಟಿಷರ ಕಾಲದಲ್ಲಿ ಬಂದ ನಾಯಿಗಳಿಂದ ಇಲ್ಲೇ ಬೆಳೆದ ತಳಿ. ತಲೆಮಾರುಗಳಿಂದ ನಮ್ಮ ಬಿಸಿಲು ಕಂಡಿದೆ. ನಮ್ಮ ಕಡೆ ಸಣ್ಣ ನಾಯಿ ಯಾವುದು ತರಲಿ ಅಂತ ಯಾರಾದರೂ ಕೇಳಿದರೆ ನಾನು ಸ್ಪಿಟ್ಜ್ ಹೆಸರನ್ನೇ ಹೇಳುತ್ತೇನೆ. ಚುರುಕು, ಹೇಳಿದ್ದು ಬೇಗ ಕಲಿಯುತ್ತದೆ, ಮನೆಯವರನ್ನು ಬಿಟ್ಟಿರುವುದಿಲ್ಲ. ಹಾಗಂತ ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ, ಅದರ ಮೈಮೇಲೂ ಎರಡು ಪದರ ಕೂದಲಿದೆ. ಬೇಸಿಗೆ ಬಂತು ಅಂತ ಬೋಳಿಸಲೂಬೇಡಿ, ಮೇಲಿನ ಪದರ ಬಿಸಿಲನ್ನು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ವಾರಕ್ಕೆ ಮೂರು ಸಲ ಬಾಚಿ ಉದುರಿದ ಕೂದಲು ತೆಗೆದರೆ ಸಾಕು. ಬೊಗಳುವುದು ಮಾತ್ರ ಜಾಸ್ತಿ. ಹಾಲಿನವನು ಬಂದರೂ, ಪಕ್ಕದ ಮನೆಯ ಗೇಟ್ ಸದ್ದಾದರೂ ಬೊಗಳುತ್ತದೆ. ಗೋಡೆಗೆ ಗೋಡೆ ಅಂಟಿದ ಮನೆಯಾದರೆ ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿ.

ಊರ ನಾಯಿಯ ಮರಿ ತರಬಾರದಾ ಅಂತ ಕೇಳುವವರಿದ್ದಾರೆ. ಖಂಡಿತ ತರಬಹುದು. ಅದು ಬೆಳೆದು ಸಣ್ಣ ನಾಯಿಯಾಗಿ ಉಳಿಯುವುದಿಲ್ಲ, ನಡುಗಾತ್ರಕ್ಕೆ ಬರುತ್ತದೆ. ಆದರೆ ಈ ನೆಲದ ಬಿಸಿಲಿಗೆ ಅದರಷ್ಟು ಒಗ್ಗಿದ್ದು ಇನ್ನೊಂದಿಲ್ಲ. ಯಾದಗಿರಿ ಹತ್ತಿರದ ಮೈಲಾಪುರಕ್ಕೆ ಸಂಕ್ರಾಂತಿ ಜಾತ್ರೆಗೆ ಹೋದವರಿಗೆ ಗೊತ್ತು, ಮೈಲಾರ ಅಂತಲೂ ಕರೆಯುವ ಮಲ್ಲಯ್ಯನಿಗೂ ನಾಯಿಗೂ ಇರುವ ನಂಟು. ಮೈಲಾರನ ಸೇವೆಯಲ್ಲಿ ಭಕ್ತರು ತಾವೇ ನಾಯಿಯ ಹಾಗೆ ಬೊಗಳುವ ಪದ್ಧತಿ ಇದೆ. ದೇವರ ಪಕ್ಕದಲ್ಲಿ ನಾಯಿಗೆ ಜಾಗ ಕೊಟ್ಟ ಜನ ನಾವು. ಓಣಿಯ ಮರಿಯನ್ನು ಹೊಸಿಲ ಒಳಗೆ ಕರೆಯಲು ನಾಚಿಕೆ ಯಾಕೆ?

ಮರಿಯ ವಯಸ್ಸಿನ ಬಗ್ಗೆಯೂ ಹೇಳಲೇಬೇಕು. ಗುಂಡನನ್ನು ನಮಗೆ ಕೊಟ್ಟಾಗ ಅವನಿಗೆ 35 ದಿನ. ಸಣ್ಣದಿದ್ದಾಗಲೇ ತಗೊಂಡರೆ ಬೇಗ ಹೊಂದಿಕೊಳ್ಳುತ್ತದೆ ಅಂತ ಮಾರಿದವರು ಹೇಳಿದರು, ನಾವು ನಂಬಿದೆವು. ರಾತ್ರಿಯೆಲ್ಲ ಅಳುತ್ತಿದ್ದ. ಮಕ್ಕಳ ಕೈ ಕಚ್ಚಿ ಕಚ್ಚಿ ಗಾಯ ಮಾಡಿದ. ಎಷ್ಟು ಮೆಲ್ಲಗೆ ಕಚ್ಚಬೇಕು ಅನ್ನೋದನ್ನು ಮರಿ ತಾಯಿಯ ಹತ್ತಿರ, ಒಡಹುಟ್ಟಿದವುಗಳ ಜೊತೆ ಆಡುತ್ತಾ ಕಲಿಯುತ್ತದೆ. ಅದಕ್ಕೂ ಮೊದಲೇ ಅವನನ್ನು ಕಿತ್ತು ತಂದಿದ್ದೆವು. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸಿ ಮಾರುವವರಿಗೆ ನಿಯಮ ಮಾಡಿದೆ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರ ಕೇಳಿ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ತಾಯಿಯ ಉಸಿರು ಗೊರಗೊರ ಅಂದರೆ ಮರಿಯದೂ ಹಾಗೇ ಆಗುವ ಸಂಭವ ಜಾಸ್ತಿ.

ಮನೆಗೆ ತಂದ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ. ಪಾರ್ವೊ, ಡಿಸ್ಟೆಂಪರ್ ಅನ್ನೋ ರೋಗಗಳ ಲಸಿಕೆ 6ರಿಂದ 8 ವಾರಕ್ಕೆ ಶುರು, 3 ತಿಂಗಳಿಗೆ ರೇಬೀಸ್ ಲಸಿಕೆ. ಆಮೇಲೆ ಯಾವಾಗ ಯಾವುದು ಅಂತ ಅವರೇ ಬರೆದು ಕೊಡುತ್ತಾರೆ. ಪಶುವೈದ್ಯ ವಿಶ್ವವಿದ್ಯಾಲಯವೇ ನಮ್ಮ ಬೀದರ್‌ನಲ್ಲಿದೆ. ಆ ಅನುಕೂಲ ಇರುವ ಸೀಮೆಯವರು ನಾವು, ಲಸಿಕೆ ತಪ್ಪಿಸಬಾರದು. ಸಣ್ಣ ನಾಯಿ, ಸಣ್ಣ ಹಲ್ಲು ಅಂತ ಗೀರನ್ನು ಕಡೆಗಣಿಸಲೂಬೇಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಊಟದ್ದು ಒಂದೇ ಮಾತು. ಜೋಳದ ರೊಟ್ಟಿಯ ಚೂರು ತಿಂದರೆ ಏನೂ ಆಗುವುದಿಲ್ಲ. ಅದರ ಜೊತೆಗಿನ ಪಲ್ಯ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಮ್ಮ ಶೇಂಗಾ ಹಿಂಡಿಯಲ್ಲಿ ಬೆಳ್ಳುಳ್ಳಿ ಇರುತ್ತದೆ ಅನ್ನೋದು ನೆನಪಿರಲಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ಐದು ಕೆಜಿಯ ಜೀವಕ್ಕೆ ಒಂದು ಹಿಡಿಯೇ ಬಹಳವಾಯಿತು.

ಇಷ್ಟೆಲ್ಲ ಕೇಳಿದ ಮೇಲೂ ಮನಸ್ಸು ಗಟ್ಟಿ ಇದ್ದರೆ ಒಂದು ಕೆಲಸ ಮಾಡಿ. ಮರಿಯನ್ನು ಎಲ್ಲಿ ಮಲಗಿಸಬೇಕು ಅಂದುಕೊಂಡಿದ್ದೀರೋ ಆ ಜಾಗದಲ್ಲಿ ಒಂದು ಮಧ್ಯಾಹ್ನ, ಕೂಲರ್ ಆರಿಸಿ, ನೆಲದ ಮೇಲೆ ಒಂದು ಗಂಟೆ ನೀವೇ ಕೂತು ನೋಡಿ. ನಾವು ಎರಡನೇ ನಾಯಿ ತರುವ ಮೊದಲು ಹಾಗೆ ಕೂತೆವು. ಪಡಸಾಲೆಯ ಜಾಗ ಬಿಟ್ಟು ಅಡುಗೆಮನೆ ಪಕ್ಕದ ಮೂಲೆ ಹುಡುಕಿದೆವು. ಅಲ್ಲಿ ಬಿಸಿಲು ಬರುವುದಿಲ್ಲ, ಗಾಳಿ ಆಡುತ್ತದೆ.

ಈಗ ಆ ಮೂಲೆಯಲ್ಲಿ ಬೆಳ್ಳಿ ಇದ್ದಾಳೆ. ಸ್ಪಿಟ್ಜ್, ನಾಲ್ಕು ವರ್ಷ. ಸಂಜೆ ಆರಾಯಿತು ಅಂದರೆ ತನ್ನ ಹಗ್ಗವನ್ನು ಬಾಯಲ್ಲಿ ಕಚ್ಚಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನಾನು ಗೇಟಿನ ಆಚೆ ಬಗ್ಗಿ, ಅಂಗೈಯ ಹಿಂಬದಿಯನ್ನು ಡಾಂಬರಿಗೆ ಒತ್ತಿ ಏಳು ಎಣಿಸುತ್ತೇನೆ. ಕೈ ತಡೆದರೆ ಹೊರಡುತ್ತೇವೆ. ಸುಟ್ಟರೆ ಇನ್ನೂ ಅರ್ಧ ಗಂಟೆ ಕಾಯೋಣ ಅಂತ ಅವಳಿಗೆ ಹೇಳಿ, ಇಬ್ಬರೂ ಹೊಸಿಲ ಮೇಲೆ ಕೂಡುತ್ತೇವೆ.

ನಮಸ್ಕಾರ.