ಟೀಚರ್ ಮೇಲೆ ದೂರಿದ್ದರೆ ಮಗು ಯಾರಿಗೆ ಹೇಳಬೇಕು?

ನಮಸ್ಕಾರ. ಮಗು ತಪ್ಪು ಮಾಡಿದರೆ ದೊಡ್ಡವರು ವಿಚಾರಿಸುತ್ತಾರೆ. ದೊಡ್ಡವರೇ ತಪ್ಪು ಮಾಡಿದರೆ?

ಕಾನೂನಿನ ಮಾತು ಬೇಗ ಮುಗಿಸಿಬಿಡುತ್ತೇನೆ. ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದ್ದು 1989ರ ನವೆಂಬರ್ 20ರಂದು. 28ನೇ ವಿಧಿ ಶಿಕ್ಷಣದ ಹಕ್ಕಿನದು. 12ನೇ ವಿಧಿ ಹೇಳುವುದು ಇಷ್ಟು: ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ಮಾತಾಡಬಹುದು, ಆ ಮಾತಿಗೆ ದೊಡ್ಡವರು ಬೆಲೆ ಕೊಡಬೇಕು. ನನ್ನ ಪ್ರಕಾರ ಶಾಲೆಗಳು ಜಾಸ್ತಿ ಮರೆಯುವುದು ಈ 12ನ್ನೇ.

ಈಗ ಎಷ್ಟು ದಿನವಾದರೂ ನನ್ನ ತಲೆಯಿಂದ ಹೋಗದ ಕಥೆಗೆ ಬರೋಣ.

ಪೋಲೆಂಡಿನ ವಾರ್ಸಾ ನಗರ. ಯಾನುಷ್ ಕೊರ್ಚಾಕ್ ಎಂಬ ಮಕ್ಕಳ ಡಾಕ್ಟರು 1912ರಿಂದ ಅಲ್ಲಿ ಯಹೂದಿ ಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದರು. ಅಲ್ಲಿ ಮಕ್ಕಳದ್ದೇ ಒಂದು ಕೋರ್ಟ್ ಇತ್ತು. ಸುಮ್ನೆ ಆಟಕ್ಕೆ ಮಾಡಿದ್ದಲ್ಲ. ಆ ವಾರ ಯಾರ ಮೇಲೆ ಕೇಸ್ ಇಲ್ಲವೋ ಅಂಥ ಮಕ್ಕಳ ಹೆಸರಲ್ಲಿ ಚೀಟಿ ಎತ್ತಿ ಜಡ್ಜ್‌ಗಳನ್ನು ಆರಿಸುತ್ತಿದ್ದರು. ದೂರನ್ನು ಮಕ್ಕಳ ಮೇಲೂ ಕೊಡಬಹುದು, ದೊಡ್ಡವರ ಮೇಲೂ ಕೊಡಬಹುದು.

ಕೊರ್ಚಾಕ್ ಆರು ತಿಂಗಳಲ್ಲಿ ಐದು ಸಲ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡು ಆ ಕೋರ್ಟಿನ ಮುಂದೆ ನಿಂತರು! ಒಬ್ಬ ಹುಡುಗನಿಗೆ ಹೊಡೆದಿದ್ದಕ್ಕೆ. ಒಬ್ಬನನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿದ್ದಕ್ಕೆ. ಒಬ್ಬ ಹುಡುಗಿ ಕದ್ದಿದ್ದಾಳೆ ಎಂದು ದೂರಿದ್ದಕ್ಕೆ. ಜಡ್ಜ್ ಆಗಿದ್ದ ಮಗುವಿಗೆ ಅವಮಾನ ಮಾಡಿದ್ದಕ್ಕೆ. ಮತ್ತೆ, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ.

ಮೂಲೆಯಲ್ಲಿ ನಿಲ್ಲಿಸುವುದು ಕೂಡ ಒಂದು ಕೇಸ್! ನಾವು ಅದನ್ನು ಶಿಕ್ಷೆ ಅಂತಲೂ ಲೆಕ್ಕ ಹಾಕುವುದಿಲ್ಲ, ಅಲ್ವಾ? ಎಲ್ಲರಿಗೂ ಬೆನ್ನು ಮಾಡಿ, ಗೋಡೆ ನೋಡುತ್ತಾ ನಿಂತ ಮಗುವಿಗೆ ಹಿಂದಿನ ಪಿಸುಮಾತೆಲ್ಲ ಕೇಳಿಸುತ್ತಿರುತ್ತದೆ. ಅಲ್ಲಿ ಆ ಅವಮಾನಕ್ಕೂ ವಿಚಾರಣೆ ಇತ್ತು.

ಶಿಕ್ಷೆ ಕೊಡುವುದಕ್ಕೇ ಆ ಕೋರ್ಟ್ ಕೂರುತ್ತಿರಲಿಲ್ಲ. ಆದಷ್ಟೂ ಕ್ಷಮಿಸಬೇಕು, ಗೊತ್ತಿಲ್ಲದೆ ತಪ್ಪು ಮಾಡಿದವನಿಗೆ ಈಗ ಗೊತ್ತಾಗಿದೆಯಲ್ಲ ಎನ್ನುವ ಧಾಟಿ. ಜೋರಿನವರ ಕೈಯಿಂದ ಮೆತ್ತಗಿನ ಮಕ್ಕಳನ್ನು ಕಾಪಾಡಬೇಕು ಅನ್ನುವುದೂ ಅದರ ನಿಯಮದಲ್ಲಿತ್ತು. 1942ರಲ್ಲಿ ನಾಜಿಗಳು ಆ ಮಕ್ಕಳನ್ನೂ ಕೊರ್ಚಾಕರನ್ನೂ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಮಕ್ಕಳ ಹಕ್ಕುಗಳಿಗೆ ಒಂದು ಒಡಂಬಡಿಕೆ ಬೇಕು ಎಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟ ದೇಶ ಯಾವುದು ಗೊತ್ತಾ? ಅದೇ ಪೋಲೆಂಡ್.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಅಂಗವಿಕಲ ಮಕ್ಕಳೂ ಎಲ್ಲರ ಜೊತೆ ಕಲಿಯಬೇಕು ಎಂದು 1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಿಂದ ಸಲಮಾಂಕಾ ಹೇಳಿಕೆ ಬಂತು. 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಅದನ್ನು ಹಕ್ಕಾಗಿಯೇ ಬರೆಯಿತು. ಬೆಂಚಿನಲ್ಲಿ ಜಾಗ ಕೊಟ್ಟರೆ ಸಾಲದು, ಪಾಠ ಮಾಡುವ ರೀತಿಯೂ ಬದಲಾಗಬೇಕು. ಮಾತು ಬಾರದ ಮಗು ಚಿತ್ರ ಬರೆದೋ, ಕೈಸನ್ನೆ ಮಾಡಿಯೋ ಹೇಳಿದರೆ ಅದೂ ಅಭಿಪ್ರಾಯವೇ.

ಒಂದು ಉದಾಹರಣೆ. ಕಿವಿ ಕೇಳದ ಮಗು ಟೀಚರ್ ತುಟಿ ನೋಡಿ ಪಾಠ ಹಿಡಿಯುತ್ತದೆ ಅಂದುಕೊಳ್ಳಿ. ಟೀಚರ್ ಬೋರ್ಡ್ ಕಡೆ ತಿರುಗಿ ಬರೆಯುತ್ತಲೇ ಮಾತಾಡಿದರೆ ಆ ಮಗುವಿಗೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಟೀಚರ್‌ಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಿರುವುದು ಆ ಮಗುವಿಗೆ ಮಾತ್ರ. ನಿಮ್ಮ ಶಾಲೆಯಲ್ಲಿ ಆ ಮಗು ಅದನ್ನು ಎಲ್ಲಿ ಹೇಳಬಹುದು?