ಸುತ್ತುವ ರ‍್ಯಾಂಪ್: ಒಂದೇ ಸ್ಲ್ಯಾಬು, ಎರಡು ಇಳಿಜಾರು

ಎಲ್ಲರಿಗೂ ನಮಸ್ಕಾರ. ಇವತ್ತು ಬೇಸ್‌ಮೆಂಟ್ ಪಾರ್ಕಿಂಗಿಗೆ ಸುತ್ತುತ್ತಾ ಇಳಿಯುವ ರ‍್ಯಾಂಪ್ ಬಗ್ಗೆ ಮಾತಾಡೋಣ. ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಇಳಿಜಾರಿನ ನೆಲ ಮಾಡೋದು ಸುಲಭ. ದುಂಡಗಿನ ನೆಲವೂ ಸುಲಭ. ಎರಡೂ ಒಂದೇ ಸ್ಲ್ಯಾಬಿನಲ್ಲಿ ಬೇಕು ಅಂದಾಗಲೇ ತಲೆನೋವು ಶುರು.

ಮೌಸ್ ಮುಟ್ಟುವ ಮೊದಲು ಲೆಕ್ಕ ಹಾಕಿ. ಒಳ ಅಂಚಿನ ತ್ರಿಜ್ಯ 5 ಮೀಟರ್, ಹೊರ ಅಂಚಿನದು 9, ಒಂದು ಪೂರ್ತಿ ಸುತ್ತಿಗೆ 3 ಮೀಟರ್ ಏರಿಕೆ ಅಂತ ಇಟ್ಟುಕೊಳ್ಳಿ. ಹೊರ ಅಂಚಿನ ಉದ್ದ ಸುಮಾರು 56.5 ಮೀಟರ್. ಒಳ ಅಂಚಿನದು 31.4 ಅಷ್ಟೇ. ಏರಬೇಕಾದ್ದು ಮಾತ್ರ ಎರಡಕ್ಕೂ ಅದೇ 3 ಮೀಟರ್. ಅಲ್ಲಿಗೆ ಹೊರಗೆ ಇಳಿಜಾರು ಸುಮಾರು 1:19 (19 ಮೀಟರ್ ಹೋದರೆ 1 ಮೀಟರ್ ಏರಿಕೆ), ಒಳಗೆ 1:10.5. ನಡುಗೆರೆಯ ಮೇಲೆ ಅಳೆದರೆ 1:14.7. ಇಳಿಜಾರು ಎಷ್ಟು ಅಂತ ಯಾರಾದರೂ ಕೇಳಿದರೆ, ಯಾವ ಗೆರೆಯ ಮೇಲೆ ಅಂತ ನೀವು ತಿರುಗಿ ಕೇಳಬೇಕು. ಇದು ಗೊತ್ತಾಗದೆ ಮಾಡೆಲ್ ಮಾಡೋದು ಸುಮ್ನೆ ಚಿತ್ರ ಬಿಡಿಸಿದ ಹಾಗೆ.

ಎಲ್ಲರೂ ಮೊದಲು ಕೈ ಹಾಕೋದು ಸ್ಲೋಪ್ ಆರೋಗೆ, ಅಂದರೆ ಇಳಿಜಾರಿನ ದಿಕ್ಕು ತೋರಿಸುವ ಬಾಣದ ಟೂಲಿಗೆ. ಅದು ಇಡೀ ನೆಲವನ್ನು ಒಂದೇ ಸಮತಲವಾಗಿ ಓರೆ ಮಾಡುತ್ತದೆ. ತಿರುವಿನ ಜೊತೆ ತಿರುಗೋದಿಲ್ಲ. ರ‍್ಯಾಂಪ್ ಅನ್ನೋ ಟೂಲ್ ತಿರುಗುತ್ತದೆ, ನಿಜ. ಆದರೆ ಅದಕ್ಕೆ ಸ್ಲ್ಯಾಬಿನ ಹಾಗೆ ಪದರಗಳಿಲ್ಲ. ಕಾಂಕ್ರೀಟು, ಅದರ ಮೇಲೆ ಸ್ಕ್ರೀಡ್ (ಮೇಲೆ ಹಾಕುವ ಗಾರೆ ಪದರ) ಅಂತ ಬೇರೆ ಬೇರೆ ತೋರಿಸಲು ಆಗೋದಿಲ್ಲ.

ನನಗೆ ಸರಿ ಅನಿಸಿದ ದಾರಿ ಇದು. ಕಮಾನಿನ ಆಕಾರದ ಮಟ್ಟವಾದ ಫ್ಲೋರ್ ಬರೆಯಿರಿ. ಪೂರ್ತಿ ಸುತ್ತು ಒಂದೇ ಸ್ಕೆಚ್‌ನಲ್ಲಿ ಬೇಡ, ಅರ್ಧ ಅಥವಾ ಕಾಲು ಸುತ್ತು ಸಾಕು. ಮಾಡಿಫೈ ಸಬ್ ಎಲಿಮೆಂಟ್ಸ್‌ಗೆ ಹೋಗಿ, ಒಂದು ತುದಿಯ ಎರಡೂ ಮೂಲೆಗಳನ್ನು ಎತ್ತಿ. ಅರ್ಧ ಸುತ್ತಾದರೆ 1500 ಮಿ.ಮೀ. ಕರ್ವ್ಡ್ ಎಡ್ಜ್ ಕಂಡಿಷನ್ ಅನ್ನೋ ಕಡೆ 'ಕನ್‌ಫಾರ್ಮ್ ಟು ಕರ್ವ್' ಆರಿಸಿ. ಆಗ ಅಂಚು ತಿರುವನ್ನು ಹಿಡಿದುಕೊಂಡೇ ಏರುತ್ತದೆ.

ಇಲ್ಲೊಂದು ಕಡೆ ಹುಷಾರಾಗಿರಬೇಕು. ಫ್ಲೋರ್ ಟೈಪಿನ ಪದರಕ್ಕೆ 'ವೇರಿಯಬಲ್' ಅಂತ ಟಿಕ್ ಇದ್ದರೆ ಮೇಲ್ಭಾಗ ಮಾತ್ರ ಏರುತ್ತದೆ, ತಳ ಮಟ್ಟವಾಗೇ ಉಳಿಯುತ್ತದೆ. ಟೆರೇಸಿನ ಸ್ಕ್ರೀಡಿಗೆ, ಬಚ್ಚಲಿಗೆ ನಮಗೆ ಬೇಕಾದ್ದು ಅದೇ. ರ‍್ಯಾಂಪಿಗೆ ಅದೇ ಇಟ್ಟರೆ ತುದಿಯಲ್ಲಿ ಒಂದೂವರೆ ಮೀಟರಿಗೂ ಜಾಸ್ತಿ ದಪ್ಪದ ಕಾಂಕ್ರೀಟು ಬಂದು ಕೂರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗೋದಿಲ್ಲ. ಸೆಕ್ಷನ್ ಕಡಿದು ನೋಡಬೇಕು, ಇಲ್ಲದಿದ್ದರೆ ಬಿಲ್ ಆಫ್ ಕ್ವಾಂಟಿಟೀಸ್ (ಸಾಮಗ್ರಿ ಲೆಕ್ಕದ ಪಟ್ಟಿ) ಬಂದಾಗ ಗೊತ್ತಾಗುತ್ತದೆ.

ಈ ಮೇಲ್ಮೈಗೆ ಒಂದು ಒಳ್ಳೆಯ ಗುಣ ಇದೆ. ಕೇಂದ್ರದಿಂದ ಹೊರಕ್ಕೆ ಎಳೆದ ಯಾವ ಗೆರೆಯಾದರೂ ನೆಟ್ಟಗಿರುತ್ತದೆ, ಮಟ್ಟವಾಗಿರುತ್ತದೆ. ಹಾಗಾಗಿ ಸೆಂಟ್ರಿಂಗಿನ (ಕಾಂಕ್ರೀಟು ಗಟ್ಟಿಯಾಗುವ ತನಕ ಹೊರುವ ತಾತ್ಕಾಲಿಕ ಚೌಕಟ್ಟಿನ) ತೊಲೆಗಳನ್ನು ಕೇಂದ್ರದತ್ತ ಮುಖ ಮಾಡಿ ಇಟ್ಟರೆ ಒಂದನ್ನೂ ಬಗ್ಗಿಸಬೇಕಾಗಿಲ್ಲ. ಇಟಲಿಯ ಟ್ಯೂರಿನ್‌ನಲ್ಲಿ ಫಿಯಟ್‌ನ ಲಿಂಗೊಟ್ಟೊ ಕಾರ್ಖಾನೆ ಇದೆಯಲ್ಲ, 1920ರ ದಶಕದಲ್ಲೇ ಅಲ್ಲಿ ಕಾರುಗಳು ಇಂಥ ರ‍್ಯಾಂಪ್ ಏರಿ ಚಾವಣಿ ಮೇಲಿನ ಟ್ರ್ಯಾಕಿಗೆ ಹೋಗುತ್ತಿದ್ದವು. ಅದನ್ನು ಕೆಳಗಿನಿಂದ ನೋಡಿದರೆ ಕೇಂದ್ರದಿಂದ ಹರಡಿದ ತೊಲೆಗಳು ಸಾಲಾಗಿ ಕಾಣುತ್ತವೆ.

ಇನ್ನೊಂದು ವಿಷಯ. ಕಾರಿನ ಹೊಟ್ಟೆ ಉಜ್ಜಬಾರದು ಅಂತ ಮೇಲೆ ಕೆಳಗೆ ಎರಡೂ ತುದಿಯಲ್ಲಿ ಅರ್ಧ ಇಳಿಜಾರು ಕೊಡುತ್ತೇವೆ. ಪೂರ್ತಿ ಸುತ್ತನ್ನು 30 ಡಿಗ್ರಿ ತಿರುವಿನ 12 ತುಂಡು ಅಂತ ನೋಡಿ. ಎರಡು ತುದಿಗೂ ಇಂಥ ಒಂದೊಂದು ತುಂಡು ಕೊಟ್ಟರೆ ಆ ಎರಡು ತುಂಡೂ ಸೇರಿ ಮಧ್ಯದ ಒಂದು ತುಂಡಿನಷ್ಟೇ ಏರುತ್ತವೆ. ಅಂದರೆ 3 ಮೀಟರನ್ನು 12ರಿಂದ ಅಲ್ಲ, 11ರಿಂದ ಭಾಗಿಸಬೇಕು. ಪ್ರತಿ 30 ಡಿಗ್ರಿಗೆ 250 ಅಂತ ಇದ್ದದ್ದು ಮಧ್ಯದಲ್ಲಿ 273 ಮಿ.ಮೀ. ಆಯ್ತು. ಒಳ ಅಂಚಿನ ಇಳಿಜಾರು 1:9.6ಕ್ಕೆ ಬಂತು. ಕಡಿದಾಯ್ತು ಅಲ್ವಾ? ಒಪ್ಪಿಗೆ ಆಗದಿದ್ದರೆ ತ್ರಿಜ್ಯ ಹೆಚ್ಚಿಸದೆ ಬೇರೆ ದಾರಿ ಕಡಿಮೆ.

ಸೈಟಿಗೆ ಹೋಗುವ ಡ್ರಾಯಿಂಗಿನಲ್ಲಿ ಶೇಕಡಾ ಮಾತ್ರ ಬರೆಯಬೇಡಿ. ಪ್ರತಿ 30 ಡಿಗ್ರಿಗೆ ಲೆವೆಲ್ ಹಾಕಿ, ಮೊದಲ ಮತ್ತು ಕೊನೆಯ ತುಂಡಿಗೆ 136, ಉಳಿದವಕ್ಕೆ 273. ಒಳ ಅಂಚಿಗೂ ಹೊರ ಅಂಚಿಗೂ ಅವೇ ಲೆವೆಲ್. ಮೇಸ್ತ್ರಿಗೆ ಬೇಕಾದ್ದು ಅಷ್ಟೇ.