ಬೆಂಕಿಯ ಭಯ ಹುಟ್ಟಿಸದ ದ್ರಾವಕ

ತೆರೆಯ ಮೇಲೆ ಕಾಣುತ್ತಿರುವುದು ಹಳೆಯ ಎನಾಮಲ್ ಬಣ್ಣವಿರುವ ಕಬ್ಬಿಣದ ತಗಡು. ಅದಕ್ಕೆ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು ಸವರಿದ್ದು ಡೈಕ್ಲೋರೋಮೀಥೇನ್ ಎಂಬ ದ್ರಾವಕ, ಅಂದರೆ ಕಾರ್ಖಾನೆಯವರ ಮಿಥಿಲೀನ್ ಕ್ಲೋರೈಡ್. ಇದರ ಪುಟ್ಟ ಅಣುಗಳು ಒಣಗಿದ ಬಣ್ಣದೊಳಕ್ಕೂ ನುಸುಳುವುದರಿಂದ, ಕೆಲವೇ ನಿಮಿಷಗಳಲ್ಲಿ ಪದರವು ಉಬ್ಬಿ, ಸುಕ್ಕುಗಟ್ಟಿ, ಲೋಹವನ್ನು ಬಿಟ್ಟು ಮೇಲೇಳುತ್ತದೆ.

ಔಷಧ ತಯಾರಿಕೆ, ಜಿಡ್ಡು ತೊಳೆಯುವ ಕೆಲಸ, ಅಕ್ರಿಲಿಕ್ ಹಾಳೆಗಳ ಜೋಡಣೆ ಮುಂತಾದ ಕಡೆಗಳಲ್ಲೂ ಇದು ಬೇಕಾಗುತ್ತದೆ. ಥಿನ್ನರ್‌ನಂತೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ ಎಂಬುದು ಇದರ ದೊಡ್ಡ ಹೆಗ್ಗಳಿಕೆ. ನನ್ನ ದೃಷ್ಟಿಯಲ್ಲಿ ಜನರನ್ನು ಮೈಮರೆಸುವುದೂ ಇದೇ ಗುಣ.

ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈ ದ್ರವವು ಡಬ್ಬಿಯ ಮುಚ್ಚಳ ತೆಗೆದೊಡನೆ ಆವಿಯಾಗತೊಡಗುತ್ತದೆ. ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದ ಆ ಆವಿಯು ತೊಟ್ಟಿ, ಟ್ಯಾಂಕು, ಸ್ನಾನದ ಟಬ್‌ಗಳ ತಳದಲ್ಲಿ, ಅಂದರೆ ಕೆಲಸಗಾರನು ಬಗ್ಗಿ ಮುಖವೊಡ್ಡುವ ಜಾಗದಲ್ಲೇ ತಂಗುತ್ತದೆ. ಮೊದಲು ತಲೆ ಸುತ್ತಿ ಮಂಪರು ಕವಿಯುತ್ತದೆ, ಆವಿ ದಟ್ಟವಾಗಿದ್ದರೆ ಪ್ರಜ್ಞೆ ತಪ್ಪಿ ಉಸಿರೇ ನಿಲ್ಲಬಹುದು. ಸ್ನಾನದ ಟಬ್‌ಗಳ ಬಣ್ಣ ತೆಗೆಯುತ್ತಿದ್ದವರು ಹೀಗೆಯೇ ಸತ್ತಿದ್ದಾರೆ. ಇಷ್ಟಲ್ಲದೆ, ದೇಹವು ಇದನ್ನು ಒಡೆಯುವಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟಿ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಹೊರಗೆ ಬಂದು ಶುದ್ಧ ಗಾಳಿ ಸೇವಿಸಿದ ಮೇಲೂ ಈ ಕ್ರಿಯೆ ಕೆಲವು ಗಂಟೆಗಳ ಕಾಲ ಮುಂದುವರಿಯುವುದರಿಂದ, ಹೃದ್ರೋಗವಿರುವವರಿಗೆ ಅಪಾಯ ಇನ್ನೂ ಹೆಚ್ಚು.

ಮೂಗನ್ನು ನಂಬುವಂತಿಲ್ಲ. ಅಮೆರಿಕದಲ್ಲಿ ಎಂಟು ಗಂಟೆಯ ದುಡಿಮೆಗೆ ಸರಾಸರಿ 25 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಆವಿ, ಎಂಬ ಮಿತಿಯನ್ನು 1997ರಲ್ಲಿ ನಿಗದಿಪಡಿಸಲಾಯಿತು. ವಾಸನೆ ಗೊತ್ತಾಗುವಷ್ಟರಲ್ಲಿ ಸಾಮಾನ್ಯವಾಗಿ ಅದನ್ನು ದಾಟಿಯಾಗಿರುತ್ತದೆ. ಆವಿ ಹೀರುವ ಡಬ್ಬಿಯಿರುವ ಕಾರ್ಟ್ರಿಜ್ ಮಾಸ್ಕ್ ಈ ಆವಿಯನ್ನು ಬಹಳ ಹೊತ್ತು ತಡೆಯಲಾರದು, ನೈಟ್ರೈಲ್ ರಬ್ಬರಿನ ಕೈಗವಸಿನ ಮೂಲಕ ದ್ರವವು ನಿಮಿಷಗಳಲ್ಲೇ ಚರ್ಮ ತಲುಪುತ್ತದೆ. ಮುಚ್ಚಿದ ಜಾಗದಲ್ಲಿ ಕೊಳವೆಯ ಮೂಲಕ ಹೊರಗಿನ ಗಾಳಿ ಒದಗಿಸುವ ಮುಖಗವಸೇ ಬೇಕು. ಅಂದ ಹಾಗೆ, ಬೆಂಕಿ ಹತ್ತದೆಂದು ಪಕ್ಕದಲ್ಲೇ ವೆಲ್ಡಿಂಗ್ ಮಾಡುವುದು ಶುದ್ಧ ಅವಿವೇಕ, ಏಕೆಂದರೆ ತೀವ್ರ ಶಾಖಕ್ಕೆ ಆವಿಯು ಒಡೆದು ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಮನೆಬಳಕೆಯ ಬಣ್ಣ ತೆಗೆಯುವ ಉತ್ಪನ್ನಗಳಲ್ಲಿ ಇದನ್ನು ಅಮೆರಿಕವೂ ಯುರೋಪಿಯನ್ ಒಕ್ಕೂಟವೂ ನಿಷೇಧಿಸಿವೆ. ಈಗ ಕಾಣುತ್ತಿರುವ ಎರಡನೆಯ ತಗಡಿಗೆ ಹಚ್ಚಿರುವುದು ಬೆಂಜೈಲ್ ಆಲ್ಕೋಹಾಲ್ ಆಧಾರಿತ ಲೇಪ. ಅದಕ್ಕೂ ಕೈಗವಸು ಬೇಕು, ಬಣ್ಣ ಸಡಿಲವಾಗಲು ಗಂಟೆಗಟ್ಟಲೆ ಕಾಯಲೂಬೇಕು. ಆದರೂ ನಾನು ಆರಿಸಿಕೊಳ್ಳುವುದು ಅದನ್ನೇ.